ಲೆಟರ್ ಬರೂತನಕ ಪೇಢಾ ಹಂಚಬ್ಯಾಡ್ರಿ

ಹುಬ್ಬಳ್ಳಿಯ ಕೇಶ್ವಾಪುರದ ಗದ್ದಲ ದಾಟಿ ಸುಳ್ಳದ ದಾರಿ ಹಿಡಿದರೆ ಸ್ವಲ್ಪ ಹೊತ್ತಿಗೇ ಎರಿ ಹೊಲ ಎದುರಾಗುತ್ತದೆ. ಮುಂಗಾರಿಗೆ ಹೆಸರು, ಹತ್ತಿ. ಹಿಂಗಾರಿಗೆ ಕಡಲಿ, ಜೋಳ. ಸುಳ್ಳ, ಬ್ಯಾಹಟ್ಟಿ, ಕುಸುಗಲ್ ಸೀಮೆಯ ಊರುಗಳಿಗೆ ಮಿಲಿಟ್ರಿ ಹೊಸದೇನಲ್ಲ. ಭರ್ತಿ ರ‍್ಯಾಲಿ ಅಂದರೆ ಏನೆಂದು ಇಲ್ಲಿ ಎಲ್ಲರಿಗೂ ಗೊತ್ತು. ನಸುಕಿನಲ್ಲೇ ಸಾಲು ಹಚ್ಚಬೇಕು, 1,600 ಮೀಟರ್ ಓಡಬೇಕು, ಎದೆ ಅಳತೆ ಕೊಡಬೇಕು. ಓಟದಲ್ಲಿ ಹಿಂದೆ ಬಿದ್ದವನಿಗೆ ಮೈದಾನದಲ್ಲೇ ಉತ್ತರ ಸಿಕ್ಕಿಬಿಡುತ್ತದೆ. ಇದೇ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ 2016ರ ಫೆಬ್ರುವರಿಯಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಜೀವ ಹಿಡಿದಿದ್ದು, ಆಮೇಲೆ ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡದ್ದನ್ನು ಇಲ್ಲಿನ ಯಾರೂ ಮರೆತಿಲ್ಲ. ಜವಾನನ ಬದುಕು, ಸಾವು ಎರಡನ್ನೂ ಈ ಸೀಮೆ ಹತ್ತಿರದಿಂದ ಬಲ್ಲದು.

ಅದೇ ಸೈನ್ಯಕ್ಕೆ ಅಧಿಕಾರಿಯಾಗಿ ಹೋಗುವ ದಾರಿ ಮಾತ್ರ ಇಲ್ಲಿ ಅಷ್ಟಾಗಿ ಸವೆದಿಲ್ಲ. ಪಿಯುಸಿ ಮುಗಿಸಿದ ಹುಡುಗನೊಬ್ಬ ಎನ್‌ಡಿಎ, ಅಂದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪ್ರವೇಶ ಪರೀಕ್ಷೆ ಬರೆದ ಅಂತ ಇಟ್ಟುಕೊಳ್ಳಿ. ಬೇಸಿಗೆಯಿಂದ ದೀಪಾವಳಿಯವರೆಗೂ ಅವನು ಎದುರಿಸಬೇಕಾದ ಪ್ರಶ್ನೆ ಒಂದೇ.

‘ಏನ್ಪಾ, ಬಂತನು ಲೆಟರು?’

‘ಇನ್ನೂ ಇಲ್ಲರೀ ಕಾಕಾ.’

‘ಮತ್ತ ಪಾಸ್ ಆಗೇನಿ ಅಂದಿದ್ದೆಲ್ಲೋ?’

ಲಿಖಿತ ಪರೀಕ್ಷೆ ಪಾಸಾಗಿದ್ದು ನಿಜ, ಅಕಾಡೆಮಿ ಸೇರುವ ಲೆಟರ್ ಬಾರದೇ ಇರುವುದೂ ನಿಜ. ಎರಡೂ ಒಟ್ಟಿಗೆ ಹೇಗೆ ನಿಜ ಅಂತ ಕಾಕಾನಿಗೆ ತಿಳಿಸಿ ಹೇಳುವವರು ಊರಲ್ಲಿ ಇಲ್ಲ. ಎಷ್ಟೋ ಸಲ ಹುಡುಗನಿಗೂ ಪೂರ್ತಿ ಗೊತ್ತಿರುವುದಿಲ್ಲ. ಕಾಯುವ ತಿಂಗಳುಗಳು ದೇಶದ ಎಲ್ಲ ಅಭ್ಯರ್ಥಿಗಳಿಗೂ ಅಷ್ಟೇ ಇರುತ್ತವೆ. ಅವುಗಳ ಭಾರ ಹೆಚ್ಚುವುದು ಮುಂದಿನ ಹೆಜ್ಜೆ ಏನೆಂದು ತಿಳಿಯದ ಮನೆಯಲ್ಲಿ.

ಒಂದೇ ಏಪ್ರಿಲ್, ಎಷ್ಟೊಂದು ಬಾಗಿಲು

ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಇರುವುದು ಪುಣೆ ಪಕ್ಕದ ಖಡಕ್‌ವಾಸ್ಲಾದಲ್ಲಿ. ಹುಬ್ಬಳ್ಳಿ-ಧಾರವಾಡದ ಮಗ್ಗುಲಿಂದ ಹಾಯ್ದು ಹೋಗುವ ಬೆಂಗಳೂರು-ಪುಣೆ ಹೆದ್ದಾರಿ ಅದರ ಹತ್ತಿರಕ್ಕೇ ಮುಟ್ಟಿಸುತ್ತದೆ. ಜವಾಹರಲಾಲ್ ನೆಹರೂ ಅಡಿಗಲ್ಲು ಹಾಕಿದ್ದು 1949ರ ಅಕ್ಟೋಬರ್ 6ರಂದು, ಅಕಾಡೆಮಿ ಅಲ್ಲಿ ಕೆಲಸ ಶುರುಮಾಡಿದ್ದು 1954ರ ಡಿಸೆಂಬರ್‌ನಲ್ಲಿ. ಎರಡನೇ ಮಹಾಯುದ್ಧದಲ್ಲಿ ಭಾರತೀಯ ಸೈನಿಕರು ಮಾಡಿದ ತ್ಯಾಗದ ನೆನಪಿಗೆ ಸುಡಾನ್ ಕೊಟ್ಟ ಒಂದು ಲಕ್ಷ ಪೌಂಡಿನಲ್ಲಿ ಕಟ್ಟಿದ ಸುಡಾನ್ ಬ್ಲಾಕ್ ಇವತ್ತಿಗೂ ಅದರ ಮುಖ್ಯ ಕಟ್ಟಡ. ಇಲ್ಲಿ ಮೂರು ವರ್ಷ ಭೂಸೇನೆ, ನೌಕಾಪಡೆ, ವಾಯುಪಡೆಯ ಕೆಡೆಟ್‌ಗಳು ಒಟ್ಟಿಗೆ ಓದುತ್ತಾರೆ, ಜೆಎನ್‌ಯು ಪದವಿ ಪಡೆಯುತ್ತಾರೆ. ಆಮೇಲೆ ಭೂಸೇನೆಯವರು ಡೆಹ್ರಾಡೂನ್‌ಗೆ, ನೌಕಾಪಡೆಯವರು ಕೇರಳದ ಎಳಿಮಲಕ್ಕೆ, ವಾಯುಪಡೆಯವರು ಹೈದರಾಬಾದ್ ಹತ್ತಿರದ ದುಂಡಿಗಲ್‌ಗೆ.

ಒಳಗೆ ಹೋಗುವ ಪರೀಕ್ಷೆಯನ್ನು ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ನಡೆಸುತ್ತದೆ. ಧಾರವಾಡದಲ್ಲೂ ಕೇಂದ್ರ ಇರುವುದರಿಂದ ಸುಳ್ಳದ ಹುಡುಗನಿಗೆ ಪರೀಕ್ಷೆ ಬರೆಯುವ ಮಟ್ಟಿಗೆ ದೂರದ ತೊಂದರೆ ಇಲ್ಲ. ಗಣಿತಕ್ಕೆ 300, ಸಾಮಾನ್ಯ ಸಾಮರ್ಥ್ಯಕ್ಕೆ 600, ಒಟ್ಟು 900 ಅಂಕ. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಡಿತ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ, ಕನ್ನಡದಲ್ಲಿ ಇಲ್ಲ. ಭೂಸೇನೆಗೆ ಯಾವ ವಿಭಾಗದಲ್ಲಿ ಪಿಯುಸಿ ಓದಿದವರಾದರೂ ಆದೀತು. ನೌಕಾಪಡೆ, ವಾಯುಪಡೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿರಲೇಬೇಕು. ಕಲಾ ವಿಭಾಗದ ಹುಡುಗನೂ ಅರ್ಜಿ ಹಾಕಬಹುದು ಅನ್ನುವುದೇ ಎಷ್ಟೋ ಹಳ್ಳಿ ಕಾಲೇಜುಗಳಲ್ಲಿ ಯಾರಿಗೂ ತಿಳಿದಿರುವುದಿಲ್ಲ. ಆದರೆ ಆ 300 ಅಂಕದ ಗಣಿತ ಅವನನ್ನೂ ಬಿಡುವುದಿಲ್ಲ.

2024ರ ಮೊದಲ ಸುತ್ತನ್ನೇ ನೋಡಿ. ಆ ವರ್ಷ ಏಪ್ರಿಲ್ 9ಕ್ಕೆ ಯುಗಾದಿ, 10ಕ್ಕೆ ದ್ವಿತೀಯ ಪಿಯುಸಿ ಫಲಿತಾಂಶ, 18 ಮತ್ತು 19ಕ್ಕೆ ಸಿಇಟಿ, 21ನೇ ಭಾನುವಾರ ಎನ್‌ಡಿಎ. ಎರಡು ವಾರದಲ್ಲಿ ಒಬ್ಬ ಹುಡುಗ ಇಷ್ಟು ಬಾಗಿಲು ಬಡಿದಿರುತ್ತಾನೆ. ಮೇ ಎರಡನೇ ವಾರದಲ್ಲಿ ಎನ್‌ಡಿಎ ಲಿಖಿತ ಪರೀಕ್ಷೆಯ ಫಲಿತಾಂಶ ಬಂತು. ಅಂತಿಮ ಪಟ್ಟಿ ಬಂದದ್ದು ಅಕ್ಟೋಬರ್ ಕೊನೆಯ ಹೊತ್ತಿಗೆ. ಆ ಪರೀಕ್ಷೆಯಿಂದ ಆಯ್ಕೆಯಾದವರ 153ನೇ ಕೋರ್ಸ್ ಶುರುವಾಗಲು ನಿಗದಿಯಾಗಿದ್ದ ದಿನ 2025ರ ಜನವರಿ 2. ಹೊಲದ ಲೆಕ್ಕದಲ್ಲಿ ಹೇಳುವುದಾದರೆ, ಪರೀಕ್ಷೆ ಬರೆದಾಗ ಹೊಲ ಮಾಗಿ ಉಳುಮೆಗೆ ಬಿದ್ದಿತ್ತು. ಮುಂಗಾರು ಬಂತು, ಹೆಸರು ಬಿತ್ತಿದರು, ಬಿಡಿಸಿ ರಾಶಿ ಮಾಡಿ ಮಾರಿದರು. ಹಿಂಗಾರಿಯ ಕಡಲಿ, ಜೋಳ ಬಿತ್ತುವ ಹೊತ್ತಿಗೆ ಪಟ್ಟಿ ಬಂತು. ಡಿಸೆಂಬರ್ 30ರ ಎಳ್ಳ ಅಮಾಸಿಗೆ ಹೊಲದಲ್ಲಿ ಚರಗ ಚೆಲ್ಲಿದ ಮನೆಯಲ್ಲಿ ಅದೃಷ್ಟ ಇದ್ದ ಹುಡುಗ ಟ್ರಂಕ್ ಕಟ್ಟಿಕೊಂಡಿದ್ದ.

ಐದು ದಿನದ ಪರೀಕ್ಷೆ

ಇಷ್ಟು ತಿಂಗಳು ಯಾಕೆ? ಲಿಖಿತ ಪರೀಕ್ಷೆ ತೂಗುವುದು ಅರ್ಧವನ್ನಷ್ಟೇ. ಇನ್ನರ್ಧ, ಮತ್ತೆ 900 ಅಂಕ, ಸರ್ವಿಸಸ್ ಸೆಲೆಕ್ಷನ್ ಬೋರ್ಡಿನ (ಎಸ್‌ಎಸ್‌ಬಿ) ಕೈಯಲ್ಲಿ. ಆ 900ನ್ನು ಒಂದು ದಿನದ ಸಂದರ್ಶನದಲ್ಲಿ ಕೊಡುವುದಿಲ್ಲ. ಲಿಖಿತದಲ್ಲಿ ಪಾಸಾದ ಸಾವಿರಾರು ಅಭ್ಯರ್ಥಿಗಳನ್ನು ತಂಡ ತಂಡವಾಗಿ ಕರೆಸಿ, ಒಂದೊಂದು ತಂಡವನ್ನೂ ಐದು ದಿನ ಇರಿಸಿಕೊಂಡು ನೋಡುತ್ತಾರೆ. ಬೆಂಗಳೂರು, ಭೋಪಾಲ್, ಪ್ರಯಾಗರಾಜ್, ಜಲಂಧರ್‌ಗಳಲ್ಲಿ ಭೂಸೇನೆಯ ಕೇಂದ್ರಗಳಿವೆ. ವಾಯುಪಡೆಯ ಒಂದು ಬೋರ್ಡ್ ನಮ್ಮ ಮೈಸೂರಿನಲ್ಲೇ ಇದೆ. ಈ ಸುತ್ತು ತಿಂಗಳುಗಟ್ಟಲೆ ನಡೆಯುತ್ತದೆ. ಯಾರದು ಮೊದಲ ತಂಡವೋ ಅವರು ಬೇಗ ಮುಗಿಸಿ ಉಳಿದವರು ಮುಗಿಸುವ ತನಕ ಕಾಯಬೇಕು. ಯಾರದು ಕೊನೆಯ ತಂಡವೋ ಅವರು ಕರೆಗಾಗಿಯೇ ಕಾಯಬೇಕು.

ಈ ಪದ್ಧತಿಯ ಬೇರು ಎರಡನೇ ಮಹಾಯುದ್ಧದಲ್ಲಿದೆ. ಒಳ್ಳೆಯ ಮನೆತನ, ಒಳ್ಳೆಯ ಶಾಲೆ, ಒಂದು ಸಣ್ಣ ಸಂದರ್ಶನ ನೋಡಿ ಅಧಿಕಾರಿಗಳನ್ನು ಆರಿಸುತ್ತಿದ್ದ ಬ್ರಿಟನ್‌ಗೆ ಯುದ್ಧಕಾಲದಲ್ಲಿ ಆ ಅಳತೆಗೋಲು ಕೈಕೊಟ್ಟಿತು. 1942ರಲ್ಲಿ ಅಲ್ಲಿ ಮನೋವಿಜ್ಞಾನಿಗಳನ್ನೂ ಕೂಡಿಸಿಕೊಂಡ ಹೊಸ ಆಯ್ಕೆ ಮಂಡಳಿಗಳು ಶುರುವಾದವು. ಮರುವರ್ಷವೇ ಡೆಹ್ರಾಡೂನ್‌ನಲ್ಲಿ ಅದೇ ಮಾದರಿಯ ಮಂಡಳಿ ಬಂತು. ಸ್ವಾತಂತ್ರ್ಯದ ನಂತರವೂ ಭಾರತ ಅದನ್ನು ಉಳಿಸಿಕೊಂಡಿತು, ತನ್ನದಾಗಿ ಬೆಳೆಸಿತು. ಮನೋವಿಜ್ಞಾನಿ, ಸಂದರ್ಶನದ ಅಧಿಕಾರಿ, ಗುಂಪು ಪರೀಕ್ಷೆಯ ಅಧಿಕಾರಿ ಹೀಗೆ ಮೂವರು ಒಬ್ಬನೇ ಹುಡುಗನನ್ನು ಬೇರೆ ಬೇರೆಯಾಗಿ ನೋಡುತ್ತಾರೆ. ಅಕಾಡೆಮಿಯ ಆಸೆ ಇಟ್ಟುಕೊಂಡವರ ನಡುವೆ ಇದಕ್ಕೆ ‘ಮನಸಾ, ವಾಚಾ, ಕರ್ಮಣಾ’ ಅನ್ನುವ ರೂಢಿ ಇದೆ.

ಮೊದಲ ದಿನ ಸ್ಕ್ರೀನಿಂಗ್. ಎದೆಗೆ ನಂಬರಿನ ಬಟ್ಟೆ ಕಟ್ಟಿಕೊಂಡ ಕೂಡಲೇ ಹೆಸರು ಹಿಂದೆ ಸರಿದು ‘ಚೆಸ್ಟ್ ನಂಬರ್’ ಮುಂದೆ ಬರುತ್ತದೆ. ಬುದ್ಧಿಶಕ್ತಿಯ ಪರೀಕ್ಷೆ, ಮಸುಕಾದ ಒಂದು ಚಿತ್ರ ನೋಡಿ ಕಥೆ ಬರೆಯುವುದು, ಅದನ್ನು ಗುಂಪಿನಲ್ಲಿ ಚರ್ಚಿಸುವುದು. ತಂಡದ ಹೆಚ್ಚಿನವರು ಅವತ್ತು ಸಂಜೆಯೇ ‘ಸ್ಕ್ರೀನ್ ಔಟ್’ ಆಗಿ ರೈಲು ಹತ್ತುತ್ತಾರೆ. ಉಳಿದವರಿಗೆ ಮರುದಿನ ಹನ್ನೆರಡು ಚಿತ್ರಗಳು, ಅದರಲ್ಲಿ ಕೊನೆಯದು ಬರೀ ಖಾಲಿ ಪರದೆ. ಒಂದೊಂದನ್ನೂ 30 ಸೆಕೆಂಡ್ ನೋಡಿ 4 ನಿಮಿಷದಲ್ಲಿ ಕಥೆ ಕಟ್ಟಬೇಕು. ಆಮೇಲೆ 60 ಪದಗಳು, ಒಂದೊಂದಕ್ಕೆ 15 ಸೆಕೆಂಡಿನಲ್ಲಿ ಮನಸ್ಸಿಗೆ ಮೊದಲು ಹೊಳೆದದ್ದನ್ನು ಬರೆಯಬೇಕು. ನಂತರದ ದಿನಗಳಲ್ಲಿ ಹಗ್ಗ, ಹಲಗೆ, ಕಂಬ ಕೊಟ್ಟು ಗುಂಪಾಗಿ ಅಡೆತಡೆ ದಾಟಿಸುತ್ತಾರೆ. ಯಾರು ಗದ್ದಲ ಮಾಡಿದ, ಯಾರು ಹಲಗೆಯ ಇನ್ನೊಂದು ತುದಿ ಹಿಡಿದುಕೊಂಡ, ಯಾರು ಹಿಂದೆ ಉಳಿದವನನ್ನು ಕರೆದುಕೊಂಡು ಬಂದ, ಎಲ್ಲವೂ ಅಧಿಕಾರಿಯ ಕಣ್ಣಿಗೆ ಬೀಳುತ್ತದೆ. ಹೊಲದಲ್ಲಿ ನಾಲ್ಕಾಳಿನ ಜೊತೆ ದುಡಿದು ಬೆಳೆದ ಹುಡುಗನಿಗೆ ಇದು ಕಷ್ಟವೇನಲ್ಲ. ಅವನು ಎಡವುವುದು ಹೆಚ್ಚಾಗಿ ಇಂಗ್ಲಿಷಿನ ಗುಂಪು ಚರ್ಚೆಯಲ್ಲಿ.

ಕೊನೆಯ ದಿನ ಕಾನ್ಫರೆನ್ಸ್. ಅಧಿಕಾರಿಗಳೆಲ್ಲ ಸೇರಿ ಕೂತ ಕೋಣೆಗೆ ಒಬ್ಬೊಬ್ಬರನ್ನೇ ಕರೆಯುತ್ತಾರೆ. ಕೆಲವರಿಗೆ ‘ಊಟ ಹೇಗಿತ್ತು, ಇಲ್ಲಿ ಇದ್ದದ್ದು ಹೇಗನ್ನಿಸಿತು’ ಅನ್ನುವಷ್ಟೇ ಪ್ರಶ್ನೆ, ಒಂದೆರಡು ನಿಮಿಷಕ್ಕೆ ಮುಗಿಯುತ್ತದೆ. ಕೆಲವರನ್ನು ಹೆಚ್ಚು ಹೊತ್ತು ಕೂರಿಸುತ್ತಾರೆ. ಯಾವುದು ಒಳ್ಳೆಯ ಲಕ್ಷಣ ಅಂತ ಹೊರಗೆ ಕೂತವರು ಲೆಕ್ಕ ಹಾಕುತ್ತಲೇ ಇರುತ್ತಾರೆ, ಆ ಲೆಕ್ಕ ಯಾವತ್ತೂ ತಾಳೆಯಾಗುವುದಿಲ್ಲ. ಆಮೇಲೆ ಎಲ್ಲರನ್ನೂ ಕೂರಿಸಿ ಚೆಸ್ಟ್ ನಂಬರ್ ಓದುತ್ತಾರೆ. ಇಡೀ ತಂಡದಲ್ಲಿ ನಾಲ್ಕೈದು ನಂಬರ್ ಬಂದರೂ ಬಂತು, ಒಂದೂ ಬಾರದಿದ್ದರೂ ಯಾರೂ ಅಚ್ಚರಿಪಡುವುದಿಲ್ಲ. ನಂಬರ್ ಬಂದವನು ‘ರೆಕಮೆಂಡ್’ ಆದ.

ರೆಕಮೆಂಡ್ ಆದಮೇಲೂ ಮೂರು ಮೆಟ್ಟಿಲು

ಊರಲ್ಲಿ ಪೇಢಾ ಹಂಚುವುದು ಈ ಸುದ್ದಿಗೆ. ಇದು ಸಣ್ಣ ಗೆಲುವಲ್ಲ, ಖುಷಿಪಡುವುದು ನ್ಯಾಯವೇ. ಆದರೆ ರೆಕಮೆಂಡ್ ಆದ ಅಂದರೆ ‘ಈತ ಅಧಿಕಾರಿಯಾಗಲು ಯೋಗ್ಯ’ ಎಂದು ಮಂಡಳಿ ಹೇಳಿತು, ಅಷ್ಟೇ. ಸೀಟು ಸಿಕ್ಕಿತು ಅಂತಲ್ಲ.

ಮೊದಲ ಮೆಟ್ಟಿಲು ವೈದ್ಯಕೀಯ ತಪಾಸಣೆ. ರೆಕಮೆಂಡ್ ಆದವರು ಮನೆಗೆ ಬರದೆ ನೇರ ಸೈನ್ಯದ ಆಸ್ಪತ್ರೆಗೆ ಹೋಗುತ್ತಾರೆ. ಅಲ್ಲಿ ಕಿವಿಯ ಗುಗ್ಗೆಯಿಂದ ಹಿಡಿದು ಚಪ್ಪಟೆ ಪಾದ, ಒಂದಕ್ಕೊಂದು ತಾಗುವ ಮೊಣಕಾಲು, ವಕ್ರವಾದ ಮೂಗಿನ ಗೋಡೆ, ಬಣ್ಣ ಗುರುತಿಸುವ ಕಣ್ಣು, ಹೆಚ್ಚಿದ ತೂಕ, ಎಲ್ಲವನ್ನೂ ನೋಡುತ್ತಾರೆ. ಊರಲ್ಲಿ ಯಾರೂ ಕಾಯಿಲೆ ಅಂತ ಕರೆಯದ ಸಂಗತಿಗಳೇ ಇಲ್ಲಿ ತಡೆಯಾಗಬಹುದು. ಅನರ್ಹ ಅಂದರೂ ಕಥೆ ಮುಗಿಯಲಿಲ್ಲ. 42 ದಿನದೊಳಗೆ ಅಪೀಲ್ ಮೆಡಿಕಲ್ ಬೋರ್ಡಿನ ಮುಂದೆ ಹೋಗಬಹುದು. ಸರಿಪಡಿಸಲು ಬರುವಂಥದ್ದನ್ನು ಈ ನಡುವೆ ಸರಿಪಡಿಸಿಕೊಂಡು ಬಂದು ಅರ್ಹರಾದವರು ಬೇಕಾದಷ್ಟಿದ್ದಾರೆ. ಈ 42 ದಿನದ ವಿಷಯ ತಿಳಿಯದೆ, ಒಂದು ಕಾಗದ ನೋಡಿ ಎದೆಯೊಡೆದುಕೊಂಡು ಮನೆಗೆ ಬಂದು ಕೂತವನು ಕಳೆದುಕೊಳ್ಳುವುದು ತನ್ನ ಹಕ್ಕನ್ನು. ವಾಯುಪಡೆಯ ಪೈಲಟ್ ಆಗುವ ಕನಸಿದ್ದರೆ ಇನ್ನೂ ಒಂದು ಪರೀಕ್ಷೆ ಇದೆ, ಗಣಕದ ಮುಂದೆ ನಡೆಯುವ ಪೈಲಟ್ ಆಯ್ಕೆ ಪರೀಕ್ಷೆ. ಅದರಲ್ಲಿ ಒಮ್ಮೆ ಫೇಲಾದರೆ ಜೀವಮಾನದಲ್ಲಿ ಮತ್ತೆ ಅವಕಾಶವಿಲ್ಲ.

ಎರಡನೆಯದು ಮೆರಿಟ್ ಪಟ್ಟಿ. ಲಿಖಿತದ 900 ಮತ್ತು ಮಂಡಳಿಯ 900 ಕೂಡಿಸಿ 1,800ಕ್ಕೆ ಲೆಕ್ಕ ಹಾಕುತ್ತಾರೆ. 2024ರ ಮೊದಲ ಸುತ್ತಿಗೆ ಪ್ರಕಟಿಸಿದ ಸೀಟು 400. ಇದರಲ್ಲಿ ಎನ್‌ಡಿಎಗೆ 370 (ಭೂಸೇನೆ 208, ನೌಕಾಪಡೆ 42, ವಾಯುಪಡೆ 120), ಎಳಿಮಲದ ನೌಕಾ ಅಕಾಡೆಮಿಗೆ 30. ಅಂತಿಮ ಪಟ್ಟಿಯಲ್ಲಿ ಮಾತ್ರ ಸೀಟಿಗಿಂತ ಹೆಚ್ಚು ಹೆಸರು ಇರುತ್ತವೆ. ಕಾರಣ ಆ ಪಟ್ಟಿಯ ಜೊತೆಗೇ ಯುಪಿಎಸ್‌ಸಿ ಬರೆದಿರುತ್ತದೆ: ಇದನ್ನು ತಯಾರಿಸುವಾಗ ವೈದ್ಯಕೀಯ ತಪಾಸಣೆಯ ಫಲಿತಾಂಶ ಪರಿಗಣಿಸಿಲ್ಲ. ಹೆಸರು ನೋಡಿ ಕುಣಿಯುವ ಅವಸರದಲ್ಲಿ ಈ ಸಾಲನ್ನು ಓದುವವರು ಕಡಿಮೆ.

ಮೂರನೆಯದು ಆ ಪಟ್ಟಿಯಿಂದ ನಿಜವಾದ ಕರೆ. ಮೇಲಿನ ಕ್ರಮಾಂಕದವರು ಕೇಳಿದ ಸೇನೆ, ಅವರ ವೈದ್ಯಕೀಯ ಅರ್ಹತೆ, ಬೇರೆ ಕೋರ್ಸು ಸಿಕ್ಕು ಬಿಟ್ಟುಹೋದವರ ಸಂಖ್ಯೆ, ಇವೆಲ್ಲ ಸೇರಿ ಕರೆ ಎಲ್ಲಿಯವರೆಗೆ ಇಳಿಯುತ್ತದೆ ಅನ್ನುವುದು ನಿರ್ಧಾರವಾಗುತ್ತದೆ. ಆ ಗಡಿಯ ಆಚೀಚೆ ನಿಂತ ಹುಡುಗನ ಕಾಯುವಿಕೆಯೇ ಎಲ್ಲಕ್ಕಿಂತ ಕಠಿಣ. ಅವನು ಪಾಸು, ರೆಕಮೆಂಡು, ಫಿಟ್ಟು, ಪಟ್ಟಿಯಲ್ಲೂ ಇದ್ದಾನೆ. ಆದರೂ ಕೊನೆಗೆ ‘ಮೆರಿಟ್ ಔಟ್’ ಆಗಬಹುದು. ಕಾಕಾನಿಗೆ ಇದನ್ನು ಹೇಗೆ ಹೇಳುವುದು?

ಯಾರಿಗೆ ಹಗುರ, ಯಾರಿಗೆ ಭಾರ

ವಿಜಯಪುರದ ಸೈನಿಕ ಶಾಲೆ 1963ರಲ್ಲಿ ಶುರುವಾಯಿತು, ಕೊಡಗಿನದು 2007ರಲ್ಲಿ. ಬೆಳಗಾವಿ, ಬೆಂಗಳೂರುಗಳಲ್ಲಿ ರಾಷ್ಟ್ರೀಯ ಮಿಲಿಟರಿ ಶಾಲೆಗಳಿವೆ. ಅಲ್ಲಿ ಓದುವ ಹುಡುಗನಿಗೆ ಈ ಮೆಟ್ಟಿಲುಗಳ ಲೆಕ್ಕ ಬಾಯಿಪಾಠ. ಅವನ ಮುಂದಿನ ತರಗತಿಯವರು ಹೋಗಿ ಬಂದಿರುತ್ತಾರೆ. ಕೊನೆಯ ದಿನ ನಂಬರ್ ಬಾರದೆ ‘ಕಾನ್ಫರೆನ್ಸ್ ಔಟ್’ ಆದವನು ಪಕ್ಕದ ಮಂಚದಲ್ಲೇ ಮಲಗಿ ಮುಂದಿನ ಸಲಕ್ಕೆ ತಯಾರಾಗುತ್ತಿರುತ್ತಾನೆ. ಫೇಲಾಗುವುದು ಅಲ್ಲಿ ನಾಚಿಕೆಯ ಸಂಗತಿಯಲ್ಲ, ಅದು ಮೊದಲ ಪ್ರಯತ್ನ ಅಷ್ಟೇ. ಹಳ್ಳಿಯ ಹುಡುಗ ಇದೇ ತಿಂಗಳುಗಳನ್ನು ಒಬ್ಬನೇ ದಾಟುತ್ತಾನೆ. ಅವನ ಮುಂದೆ ಮಾದರಿ ಇಲ್ಲ, ಹಿಂದೆ ಊರಿಗೆ ಊರೇ ನೋಡುತ್ತಿರುತ್ತದೆ.

ಇದಕ್ಕಿಂತ ಉದ್ದ ಕಾಯ್ದವರು ಧಾರವಾಡದ ಆಚೆ ಕಿತ್ತೂರಿನಲ್ಲಿದ್ದಾರೆ. ಕಿತ್ತೂರು ರಾಣಿ ಚನ್ನಮ್ಮ ಬಾಲಕಿಯರ ಸೈನಿಕ ವಸತಿ ಶಾಲೆ 1969ರಿಂದ ನಡೆಯುತ್ತಿದೆ. ಕವಾಯತು, ಎನ್‌ಸಿಸಿ, ಕುದುರೆ ಸವಾರಿ, ಎಲ್ಲವನ್ನೂ ಅಲ್ಲಿನ ಹುಡುಗಿಯರು ಕಲಿತರು. ಆದರೆ ಪಿಯುಸಿ ಮುಗಿಸಿದ ಹುಡುಗಿ ಎನ್‌ಡಿಎಗೆ ಅರ್ಜಿ ಹಾಕುವಂತಿರಲಿಲ್ಲ. 2021ರ ಆಗಸ್ಟ್ 18ರಂದು ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ಕೊಟ್ಟು, ಹುಡುಗಿಯರೂ ಪರೀಕ್ಷೆ ಬರೆಯಲಿ ಅಂದಿತು. ಅದೇ ವರ್ಷದ ನವೆಂಬರ್ 14ರಂದು ಅವರು ಮೊದಲ ಸಲ ಬರೆದರು. 2022ರಲ್ಲಿ ಮೊದಲ ತಂಡ ಖಡಕ್‌ವಾಸ್ಲಾ ಹೊಕ್ಕಿತು. 2025ರ ಮೇ 30ರಂದು ಆ ತಂಡದ 17 ಹುಡುಗಿಯರು ಪಾಸಿಂಗ್ ಔಟ್ ಪರೇಡಿನಲ್ಲಿ ನಡೆದು ಹೊರಬಂದರು. ಶಾಲೆ ತೆರೆದ ದಿನದಿಂದ ಬಾಗಿಲು ತೆರೆದ ದಿನಕ್ಕೆ 52 ವರ್ಷ. ಇವತ್ತು ಸುಳ್ಳದ ಹುಡುಗಿಯೊಬ್ಬಳು ಅರ್ಜಿ ಹಾಕಿದರೆ ಶುಲ್ಕವೂ ಇಲ್ಲ. ಮನೆಯವರಿಗೆ ಅದು ತಿಳಿದಿರಬೇಕಷ್ಟೆ.

ಚೀಟಿ ನಡೆಯದ ಜಾಗ

ಕಾಯುವಾಗ ಮನೆಯವರಿಗೆ ಕೈ ಕಟ್ಟಿ ಕೂರಲು ಆಗುವುದಿಲ್ಲ. ಶಾಸಕರ ಮನೆ, ಸಂಸದರ ಕಚೇರಿ, ‘ದಿಲ್ಲ್ಯಾಗ ನಮ್ಮವರದಾರ’ ಅನ್ನುವ ಪರಿಚಯಸ್ಥ, ಹೀಗೆ ಅಲೆದಾಟ ಶುರುವಾಗುತ್ತದೆ. ಅಮೆರಿಕದ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿ ಸೇರಲು ಹೆಚ್ಚಿನವರಿಗೆ ಸಂಸದರ ಅಥವಾ ಸೆನೆಟರರ ನಾಮನಿರ್ದೇಶನ ಕಾನೂನಿನ ಪ್ರಕಾರವೇ ಬೇಕು. ಅಲ್ಲಿನ ಮಕ್ಕಳು ಮೊದಲು ಆ ಕಾಗದಕ್ಕೆ ಕಾಯುತ್ತಾರೆ, ಆಮೇಲೆ ಅಕಾಡೆಮಿಯ ಉತ್ತರಕ್ಕೆ. ನಮ್ಮಲ್ಲಿ ಅಂಥ ಯಾವ ಕಾಗದಕ್ಕೂ ಜಾಗವಿಲ್ಲ. ಪ್ರಭಾವ ಬೀರಲು ಹೋದದ್ದು ಗೊತ್ತಾದರೆ ಇದ್ದ ಅರ್ಹತೆಯೂ ಹೋಗುತ್ತದೆ. ‘ಮೆಡಿಕಲ್ ಪಾಸ್ ಮಾಡಿಸ್ತೀನಿ, ಮೆರಿಟ್‌ನಾಗ ಹೆಸರು ಹಾಕಸ್ತೀನಿ’ ಅಂತ ದುಡ್ಡು ಕೇಳುವ ದಲ್ಲಾಳಿಗಳ ಬಗ್ಗೆ ಸೈನ್ಯ ಮತ್ತೆ ಮತ್ತೆ ಎಚ್ಚರಿಸುತ್ತಲೇ ಇದೆ. ಅವರ ಆಟ ಸುಲಭ: ನೂರು ಜನರಿಂದ ದುಡ್ಡು ತೆಗೆದುಕೊಂಡರೆ ಒಂದಿಬ್ಬರು ಹೇಗೂ ತಾವಾಗಿಯೇ ಆಯ್ಕೆಯಾಗುತ್ತಾರೆ, ಹೆಸರು ಇವರಿಗೆ. ಮೂವರು ಬೇರೆ ಬೇರೆ ನೋಡಿ, ಆಮೇಲೆ ಒಟ್ಟಿಗೆ ಕೂತು ತೀರ್ಮಾನಿಸುವ ಪದ್ಧತಿ ನಿಧಾನವೇ ಸರಿ. ಒಬ್ಬರ ಮರ್ಜಿಗೆ ಉತ್ತರ ಬಗ್ಗದಿರುವುದಕ್ಕೂ ಅದೇ ಕಾರಣ. ಯಾರ ಪರಿಚಯವೂ ಇಲ್ಲದ ಒಕ್ಕಲಿನ ಮನೆಯ ಹುಡುಗನಿಗೆ ಆ ನಿಧಾನವೇ ರಕ್ಷಣೆ.

ಕಾಯುವ ತಿಂಗಳ ಕೆಲಸ

ಹಾಗಾದರೆ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಏನು ಮಾಡಬೇಕು? ಮೊದಲ ಮಾತು, ಲಿಖಿತ ಪಾಸಾದ ಕೂಡಲೇ ಎರಡು ವಾರದೊಳಗೆ ಸೈನ್ಯದ ಭರ್ತಿ ಜಾಲತಾಣದಲ್ಲಿ ಹೆಸರು ನೋಂದಾಯಿಸಬೇಕು. ಇದನ್ನು ಮರೆತು, ಮನೆಗೆ ಪತ್ರ ಬರುತ್ತದೆಂದು ಕೂತವನಿಗೆ ಯಾವ ಪತ್ರವೂ ಬರುವುದಿಲ್ಲ. ಕೊಟ್ಟ ಮೊಬೈಲ್ ನಂಬರ್, ಇಮೇಲ್ ಬದಲಾಗಬಾರದು. ಜನ್ಮದಿನಾಂಕ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ತಿದ್ದಿಸಲು ಇದೇ ಸಮಯ. ಅಂತಿಮ ಪಟ್ಟಿಯಲ್ಲಿ ಹೆಸರು ಬಂದರೂ ಮೂಲ ದಾಖಲೆಗಳನ್ನು ಒಪ್ಪಿಸುವ ತನಕ ಅದು ತಾತ್ಕಾಲಿಕ. ಎಸ್‌ಎಸ್‌ಬಿಗೆ ಮೊದಲ ಸಲ ಹೋಗುವವರಿಗೆ ಪ್ರಯಾಣದ ಭತ್ಯೆ ಸಿಗುತ್ತದೆ, ಟಿಕೆಟ್ ಎಸೆಯಬಾರದು.

ಎರಡನೆಯದು, ಕಾಲೇಜು ಸೇರುವುದು. ಎನ್‌ಡಿಎ ಆಗಿಬಿಡುತ್ತದೆಂದು ಸಿಇಟಿ ಸೀಟು ಕೈಬಿಟ್ಟವರು, ವರ್ಷ ಖಾಲಿ ಬಿಟ್ಟವರು ನಮ್ಮ ಸೀಮೆಯಲ್ಲೂ ಕಾಣಸಿಗುತ್ತಾರೆ. ಎಂಜಿನಿಯರಿಂಗೋ, ಧಾರವಾಡದ ಬಿಎಸ್ಸಿಯೋ, ಕೃಷಿ ಪದವಿಯೋ, ಸೇರಿರಬೇಕು. ಕರೆ ಬಂದರೆ ಬಿಟ್ಟು ಹೋಗಬಹುದು. ಬಾರದಿದ್ದರೆ ಪದವಿಯ ನಂತರ ಸಿಡಿಎಸ್, ಎಎಫ್‌ಕ್ಯಾಟ್ ಪರೀಕ್ಷೆಗಳು ಇದ್ದೇ ಇವೆ, ಅದೇ ಅಧಿಕಾರಿಯ ಹುದ್ದೆಗೆ. ಶುಲ್ಕದ ದುಡ್ಡು ವ್ಯರ್ಥವಾದೀತು ಅನ್ನುವ ಚಿಂತೆ ಒಕ್ಕಲು ಮನೆಯಲ್ಲಿ ಸಹಜವೇ. ಕಳೆದುಹೋಗುವ ವರ್ಷದ ಬೆಲೆ ಅದಕ್ಕಿಂತ ದೊಡ್ಡದು.

ಮೂರನೆಯದು ಮನೆಯವರೇ ಕೂತು ಓದಬೇಕಾದ ಕಾಗದ. ಅಕಾಡೆಮಿ ಸೇರುವಾಗ ತಂದೆ ಅಥವಾ ಪಾಲಕರು ಬಾಂಡ್‌ಗೆ ಸಹಿ ಹಾಕಬೇಕು. ಮಗ ನಡುವೆ ತಾನಾಗಿ ಬಿಟ್ಟು ಬಂದರೆ ತರಬೇತಿಯ ಖರ್ಚು ಕಟ್ಟಿಕೊಡಬೇಕಾಗುತ್ತದೆ. ಜನವರಿಯ ಅವಸರದಲ್ಲಿ ಸಹಿ ಹಾಕುವುದಕ್ಕಿಂತ ಈಗಲೇ ಕೇಳಿ ನೋಡುವುದು ಒಳ್ಳೆಯದು: ಹೋಗುವ ಆಸೆ ಮಗನದೋ, ಊರಿನದೋ?

ಕೊನೆಯದಾಗಿ, ಎರಡನೇ ಪರೀಕ್ಷೆ. 2024ರಲ್ಲಿ ಎರಡನೇ ಸುತ್ತಿನ ಅಧಿಸೂಚನೆ ಬಂದದ್ದು ಮೇ 15ಕ್ಕೆ, ಪರೀಕ್ಷೆ ನಡೆದದ್ದು ಸೆಪ್ಟೆಂಬರ್ 1ಕ್ಕೆ. ಮೊದಲ ಸುತ್ತಿನ ಅಂತಿಮ ಪಟ್ಟಿಗೆ ಆಗ ಇನ್ನೂ ಸುಮಾರು ಎರಡು ತಿಂಗಳು ಬಾಕಿ ಇತ್ತು. ಪ್ರತಿವರ್ಷ ಹೆಚ್ಚೂಕಡಿಮೆ ಇದೇ ಕ್ರಮ. ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವಯಸ್ಸಿನೊಳಗೆ ಎಷ್ಟು ಸಲವಾದರೂ ಬರೆಯಬಹುದು. ಲಿಖಿತದ ಕಟ್ಆಫ್ ಇತ್ತೀಚಿನ ವರ್ಷಗಳಲ್ಲಿ 900ಕ್ಕೆ ಸುಮಾರು 290ರಿಂದ 360ರ ನಡುವೆ ಆಡುತ್ತಿದೆ, ಅಂದರೆ ಕೈಗೆ ನಿಲುಕದ ಎತ್ತರವೇನಲ್ಲ. ಮೊದಲ ಉತ್ತರ ಬರುವ ಮುಂಚೆಯೇ ಎರಡನೇ ಪರೀಕ್ಷೆ ಬರೆದು ಬಂದ ಹುಡುಗನಿಗೆ ಅಕ್ಟೋಬರ್‌ನ ‘ಇಲ್ಲ’ ಕೂಡ ಕೊನೆಯ ಮಾತಾಗುವುದಿಲ್ಲ. ಸುಳ್ಳ, ಬ್ಯಾಹಟ್ಟಿ ಸುತ್ತಿನ ಪಿಯು ಕಾಲೇಜುಗಳು ಸಿಇಟಿ ವೇಳಾಪಟ್ಟಿಯ ಪಕ್ಕ ಈ ದಿನಾಂಕಗಳನ್ನೂ ಒಂದು ಹಾಳೆಯಲ್ಲಿ ಬರೆದು ಅಂಟಿಸಿದರೆ ಖರ್ಚೇನೂ ಇಲ್ಲ. ರಿಟೈರ್ ಆಗಿ ಊರಿಗೆ ಬಂದ ಸುಬೇದಾರರೊಬ್ಬರನ್ನು ವರ್ಷಕ್ಕೊಂದು ದಿನ ಕರೆಸಿ ಮಾತಾಡಿಸುವುದೂ ಕಷ್ಟದ ಕೆಲಸವಲ್ಲ. ಡಿಸೆಂಬರ್‌ನಲ್ಲಿ ಮುಂದಿನ ಸುತ್ತಿನ ಅರ್ಜಿ ಶುರುವಾಗುತ್ತದೆ. ಆ ಹಾಳೆ ಅಂಟಿಸಲು ನವೆಂಬರ್ ಸರಿಯಾದ ಕಾಲ.